ಹೊರಬೀಡಿನ ದಿನ ಬರೆದ ಸೊನ್ನೆ

ಆ ಶಾಲೆಯ ಹೆಸರಿನ ಮುಂದೆ ಸೊನ್ನೆ ಬರೆದವನು ನಾನೇ. ಬೇರೆ ಯಾರ ತಲೆಗಾದರೂ ಕಟ್ಟಿ ತಪ್ಪಿಸಿಕೊಳ್ಳಲು ಸಾಕಷ್ಟು ಪ್ರಯತ್ನ ಮಾಡಿದ್ದೇನೆ, ಆಗಿಲ್ಲ. ಮಕ್ಕಳ ಹಾಜರಿ ಎಂಬ ಕಾಲಮ್ಮಿನಲ್ಲಿ ಸೊನ್ನೆ, ಶಿಕ್ಷಕರ ಹಾಜರಿ ಎಂಬ ಕಾಲಮ್ಮಿನಲ್ಲಿ ಒಂದು, ಪಕ್ಕದ ಷರಾ ಕಾಲಮ್ಮಿನಲ್ಲಿ ಒಂದೇ ಒಂದು ಪದ. ಆ ಪದ ಬರೆದಾಗ ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಾನು ಹಂಸಭಾವಿ ಕಡೆಯವನು. ಮಾಸ್ತರಿಕೆಗೆ ಬೇಕಾದ ಡಿ.ಎಡ್. ಮುಗಿಸಿ, ನೇಮಕಾತಿ ಪರೀಕ್ಷೆ ಬರೆದು ಬರೆದು ವಯಸ್ಸು ಮೀರಿಸಿಕೊಂಡು, ಕೊನೆಗೆ ಮಾಸ್ತರರನ್ನು ಎಣಿಸುವ ಕೆಲಸಕ್ಕೆ ಸೇರಿದೆ. "ಊಟಕ್ಕ ಕರೀದವ್ರು ಎಲಿ ಎಣಸಾಕ ಕರದ್ರಂತ" ಎಂದು ನನ್ನ ಹೆಂಡತಿ ನಕ್ಕಳು. ಶಿಕ್ಷಕರ ಸ್ಥಿತಿಗತಿಯ ಅಧ್ಯಯನ ಮಾಡುವ ಒಂದು ಸಂಸ್ಥೆ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಸಣ್ಣ ಶಾಲೆಗಳನ್ನು ನನ್ನ ಪಾಲಿಗೆ ಹಾಕಿತ್ತು. ಎಲ್ಲಿ ಎಷ್ಟು ಜನ ಶಿಕ್ಷಕರಿದ್ದಾರೆ, ಎಷ್ಟು ತಾಸು ಪಾಠ ಮಾಡುತ್ತಾರೆ, ಪಾಠ ಬಿಟ್ಟು ಇನ್ನೇನು ಮಾಡುತ್ತಾರೆ ಎಂದು ಕೇಳಿ ಟ್ಯಾಬಿನಲ್ಲಿ ತುಂಬಬೇಕು. ಯಾವ ಶಾಲೆ ಉಳಿಯಬೇಕು, ಯಾವ ಶಿಕ್ಷಕರು ಎಲ್ಲಿಗೆ ಹೋಗಬೇಕು ಎಂದು ತೀರ್ಮಾನಿಸುವವರಿಗೆ ಈ ಲೆಕ್ಕ ಉಪಯೋಗವಾಗುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ನನಗೆ ಅದು ಕೇಳಿಸಿತ್ತು, ಆದರೆ ನಾನು ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಆ ಕೆಲಸದಲ್ಲಿ ಕಂಡದ್ದಕ್ಕೆಲ್ಲ ಬೆರಗಾಗುತ್ತ ಕೂತಿದ್ದರೆ ಒಂದು ಫಾರ್ಮೂ ಮುಗಿಯುತ್ತಿರಲಿಲ್ಲ. ಸವಣೂರು ತಾಲ್ಲೂಕಿನ ಒಂದು ಶಾಲೆಯಲ್ಲಿ ಒಬ್ಬರೇ ಶಿಕ್ಷಕರು ಒಂದೇ ಕೋಣೆಯಲ್ಲಿ ಗೋಡೆಗೊಂದು ತರಗತಿಯಂತೆ ನಾಲ್ಕು ತರಗತಿಗಳನ್ನು ಕೂರಿಸಿದ್ದರು. ಗೋಡೆ ನಾಲ್ಕೇ ಇದ್ದುದರಿಂದ ಐದನೆಯವರು ಬಾಗಿಲಲ್ಲಿ ಕೂತಿದ್ದರು. ತಡಸದ ಹತ್ತಿರ ಒಬ್ಬ ಹಿರಿಯ ಮಾಸ್ತರರು ನನ್ನನ್ನು ಮೇಲಿನಿಂದ ಬಂದ ಸಾಹೇಬನೆಂದುಕೊಂಡು ಮಕ್ಕಳಿಗೆ ಕೊಡುವ ತತ್ತಿಯ ಟ್ರೇ ತಂದು ಎದುರಿಗಿಟ್ಟರು.

"ತತ್ತಿ ಬ್ಯಾಡ್ರಿ, ನಿಮ್ಮನ್ನ ಎಣಸಾಕ ಬಂದೇನಿ" ಎಂದೆ.

"ನನ್ನೇನ್ ಎಣಸ್ತೀರಿ, ಒಬ್ಬನ ಅದೇನಿ. ತತ್ತಿ ಎಣಸ್ಕೋರಿ. ನಾಳಿ ಒಂದು ಕಡಿಮಿ ಬಿದ್ರ ನನ್ನ ತಲಿಗೆ ಬರತೈತಿ" ಎಂದರು.

ಇಂಥವನ್ನೆಲ್ಲ ನಾನು ಷರಾ ಕಾಲಮ್ಮಿನಲ್ಲಿ ಬರೆಯುತ್ತಿದ್ದೆ. ನನ್ನ ಜೊತೆಯವರು ಅದನ್ನು ಖಾಲಿ ಬಿಡುತ್ತಿದ್ದರು, ನನಗೆ ಅದೇ ಪ್ರೀತಿಯ ಜಾಗ. ಮಾಸ್ತರನಾಗಿದ್ದರೆ ಕರಿಹಲಗೆಯ ಮೇಲೆ ಬರೆಯಬೇಕಾದುದನ್ನೆಲ್ಲ ಆ ಸಣ್ಣ ಡಬ್ಬಿಯೊಳಗೆ ತುರುಕಿ ಸಮಾಧಾನಪಡುತ್ತಿದ್ದೆ.

ಆಷಾಢದ ಒಂದು ಮಂಗಳವಾರ ತಿಳವಳ್ಳಿ ಬಸ್ಸಿನಲ್ಲಿ ಹೋಗಿ ನಡುವೆ ಇಳಿದು, ಗೋವಿನಜೋಳದ ಹೊಲಗಳ ನಡುವಿನ ದಾರಿ ಹಿಡಿದು ಒಂದು ಸಣ್ಣ ಊರಿಗೆ ಹೋದೆ. ಊರ ಹೆಬ್ಬಾಗಿಲಾದ ಅಗಸಿಗೆ ಅಡ್ಡಲಾಗಿ ಜಾಲಿಮುಳ್ಳು ಹಚ್ಚಿದ್ದರು. ಒಳಗೆ ಒಂದು ನಾಯಿಯೂ ಇರಲಿಲ್ಲ. ಮನೆಮನೆಗೆ ಕೀಲಿ. ದೂರದ ಮಾವಿನ ತೋಪಿನ ಕಡೆಯಿಂದ ಮಕ್ಕಳ ಗಲಾಟೆ ಕೇಳುತ್ತಿತ್ತು. ನನಗೆ ಕೂಡಲೇ ತಿಳಿಯಿತು, ಇವತ್ತು ಹೊರಬೀಡು.

ನಮ್ಮೂರಲ್ಲೂ ಇತ್ತು ಅದು. ಬೆಳಗಾಗುವ ಮೊದಲೇ ಅವ್ವ ಬುತ್ತಿ ಕಟ್ಟಿ, ಒಲೆಗೆ ನೀರು ಚಿಮುಕಿಸಿ, ಎಮ್ಮೆ, ಕೋಳಿ, ನಮ್ಮನ್ನು ಒಟ್ಟಿಗೆ ಹೊರಡಿಸಿ ಬಾಗಿಲು ಹಾಕುತ್ತಿದ್ದಳು. ಊರಿಗೆ ಊರೇ ಹೊಲದಲ್ಲಿ ದಿನ ಕಳೆದು ದೀಪ ಹಚ್ಚುವ ಹೊತ್ತಿಗೆ ಮರಳುವುದು. ಆ ಒಂದು ದಿನ ಊರು ಗ್ರಾಮದೇವಿ ದ್ಯಾಮವ್ವನದು. ಆಕೆ ಓಣಿ ಓಣಿ ತಿರುಗಿ ರೋಗರುಜಿನ ಗುಡಿಸಿ ಹಾಕುವಾಗ ಮನುಷ್ಯರು ಕಾಲಿಗೆ ತೊಡರಬಾರದು ಎನ್ನುತ್ತಿದ್ದಳು ಅವ್ವ. ಇಷ್ಟು ಗೊತ್ತಿದ್ದವನು ಅಲ್ಲಿಂದಲೇ ತಿರುಗಬೇಕಿತ್ತು. ಆದರೆ ಆ ವಾರ ನನಗೆ ಇನ್ನೂ ಏಳು ಶಾಲೆ ಬಾಕಿ ಇದ್ದವು. ಮುಳ್ಳು ದಾಟಿದೆ, ಪ್ಯಾಂಟು ಮೊಣಕಾಲಿನ ಹತ್ತಿರ ಹರಿಯಿತು.

ಶಾಲೆ ಅಗಸಿಯ ಒಳಮಗ್ಗುಲಿಗೆ, ಮೊದಲನೆಯ ಕಟ್ಟಡ. ಜಗುಲಿಯ ಮೇಲೆ ಶಿಕ್ಷಕಿ ಒಬ್ಬರೇ ಕುರ್ಚಿ ಹಾಕಿಕೊಂಡು ರಟ್ಟಿನ ಮೇಲೆ ಅಕ್ಷರ ಬರೆದು ಕತ್ತರಿಸುತ್ತಿದ್ದರು. ಸವಣೂರಿನವರು, ಮನೆಮಾತು ಉರ್ದು, ಆ ಊರಿನಲ್ಲಿ ಎಂಟು ವರ್ಷದಿಂದ ಒಂದರಿಂದ ಐದನೇ ತರಗತಿಯವರೆಗೆ ಎಲ್ಲವನ್ನೂ ಕನ್ನಡದಲ್ಲಿ ಕಲಿಸುವವರು ಅವರೊಬ್ಬರೇ. ಹಾನಗಲ್ಲಿನಲ್ಲಿ ಕೋಣೆ ಮಾಡಿಕೊಂಡಿದ್ದರು. ನಮ್ಮ ಕಡೆ ಶಿಕ್ಷಕಿಯರಿಗೆಲ್ಲ ಅಕ್ಕೋರು ಎನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ.

"ಮುಳ್ಳ ದಾಟಿ ಬಂದ್ರೇನ್ರಿ?" ಎಂದು ನನ್ನ ಪ್ಯಾಂಟು ನೋಡಿದರು. "ನನ್ನೂ ಹೊಲಕ್ಕ ಕರದಿದ್ರು. ರಜಾ ಇಲ್ಲಲ್ರಿ, ಹೆಂಗ್ ಹೋಗ್ಲಿ? ಸರಕಾರದವ್ರಿಗೆ ದ್ಯಾಮವ್ವ ಮಾಫಿ ಮಾಡ್ಯಾಳ, ನೀವ್ ಕುಂಡ್ರಿ ಅಂತ ಹೇಳಿ ಹ್ವಾದ್ರು."

ನಾನು ಬಂದ ಕಾರಣ ಹೇಳಿದೆ. ಅವರ ಕೈಯಲ್ಲಿದ್ದ ಕತ್ತರಿ ನಿಂತಿತು.

"ಇವತ್ತ ಎಣಿಸಿದ್ರ ಸೊನ್ನಿ ಬರತೈತ್ರಿ. ನಾಳಿ ಬರ್ರಿ, ಇಪ್ಪತ್ತಮೂರು ಮಂದೀನ ಸಾಲಾಗಿ ಕುಂದರಿಸಿ ತೋರಸ್ತೇನಿ."

"ನಾಳಿ ಹಿರೇಕೆರೂರಾಗ ಇರತೇನ್ರಿ. ಹೋದ ದಿನ ಕಂಡದ್ದ ಬರೀಬೇಕು, ನಿಯಮ."

"ನಮ್ಮದು ಮೊದಲೇ ಸಣ್ಣ ಸಾಲಿ ಐತ್ರಿ. ಹಳ್ಳದ ಆಚೆ ಊರಿನ ಸಾಲಿಗೆ ಕೂಡಸೂ ಮಾತು ಎರಡ ವರ್ಷದಿಂದ ನಡದೈತಿ. ಮಳಿಗಾಲದಾಗ ಹಳ್ಳ ಬಂತಂದ್ರ ದೊಡ್ಡವ್ರ ದಾಟೂದಿಲ್ಲ, ಒಂದನೇ ಕ್ಲಾಸಿನ ಕೂಸುಗಳು ಹೆಂಗ್ ದಾಟತಾವು? ನೀವು ಸೊನ್ನಿ ಬರದ್ರ ಅವ್ರಿಗೆ ನೆವಾ ಸಿಕ್ಕಂಗ ಆಗತೈತಿ."

"ಷರಾ ಬರೀತೇನಿ ಬಿಡ್ರಿ" ಎಂದೆ. ಮಕ್ಕಳು: ಸೊನ್ನೆ. ಷರಾ: ಹೊರಬೀಡು. ಟ್ಯಾಬನ್ನು ತಿರುಗಿಸಿ ತೋರಿಸಿದೆ. ಸಭೆಗಳಲ್ಲಿ ಯಾರೂ ಬಳಸದ, ನಮ್ಮ ಮಣ್ಣಿನ ಒಂದು ಪದವನ್ನು ಸರಿಯಾದ ಜಾಗದಲ್ಲಿ ಇಟ್ಟೆನೆಂದು ನನಗೆ ಖುಷಿಯಾಗಿತ್ತು. ಅಕ್ಕೋರಿಗೆ ಆಗಲಿಲ್ಲ.

"ಇನ್ನೊಂದೀಟು ಬಿಡಿಸಿ ಬರೀರಿ. ಓದಾವ್ರಿಗೆ ತಿಳೀಬೇಕಲ್ರಿ."

"ಕನ್ನಡ ಬಂದಾವ್ರಿಗೆ ತಿಳೀತೈತ್ರಿ" ಎಂದೆ.

ಉರ್ದು ಮನೆಮಾತಿನ, ಇಡೀ ಊರಿನ ಮಕ್ಕಳಿಗೆ ಕನ್ನಡ ಕಲಿಸಿದ ಹೆಂಗಸಿಗೆ ನಾನು ಹೇಳಿದ ಮಾತು ಇದು. ಅವರು ಬೇಸರ ಮಾಡಿಕೊಳ್ಳದೆ ಡಬ್ಬಿ ತೆರೆದು ಒಂದು ರೊಟ್ಟಿ, ಶೇಂಗಾ ಹಿಂಡಿ ಕೊಟ್ಟರು. ತಿಂದು ಬಂದೆ.

ಚಳಿಗಾಲದಲ್ಲಿ ಕರಡು ವರದಿ ಓದುವ ಸಭೆ ಕರೆದಿದ್ದರು. ದೊಡ್ಡ ಸಭಾಂಗಣ, ಬಿಸ್ಕಿಟು, ಪರದೆಯ ಮೇಲೆ ಒಂದರ ಹಿಂದೊಂದು ಪಟ್ಟಿ. ನಾನು ಹಿಂದಿನ ಸಾಲಿನಲ್ಲಿ ಚಹಾ ಕುಡಿಯುತ್ತಿದ್ದೆ. ವಲಸೆಯಿಂದ ಜನವಸತಿ ಖಾಲಿಯಾದ ಊರುಗಳ ಶಾಲೆಗಳು ಎಂಬ ಪಟ್ಟಿ ಬಂತು. ಅದರಲ್ಲಿ ಅಕ್ಕೋರ ಊರಿನ ಹೆಸರಿತ್ತು.

ಅದೇ ಹೆಸರಿನ ಇನ್ನೊಂದು ಊರಿರಬೇಕು ಎಂದುಕೊಂಡೆ. ತಾಲ್ಲೂಕು ಓದಿದೆ, ಅದೇ. ಶಾಲೆಯ ಸಂಖ್ಯೆಯನ್ನು ಟ್ಯಾಬಿನಲ್ಲಿ ತಾಳೆ ನೋಡಿದೆ, ಅದೇ. ನಾನು ನೋಡಿ ಬಂದ ಮೇಲೆ ಆ ಊರಿಗೆ ಏನೋ ಆಗಿದೆ, ಜನ ಎದ್ದು ಹೋಗಿದ್ದಾರೆ, ನನಗೆ ಸುದ್ದಿಯೇ ಇಲ್ಲ ಎಂದು ಕೂಡ ಒಂದು ಕ್ಷಣ ನಂಬಿದೆ. ನಾನೇ ಬರೆದದ್ದು ನನ್ನ ಮುಂದೆ ನಿಂತಿದೆ ಎಂಬುದು ಮಾತ್ರ ಹೊಳೆಯಲಿಲ್ಲ.

ನಮ್ಮ ಷರಾಗಳನ್ನು ಇಂಗ್ಲಿಷಿಗೆ ತಂದಿದ್ದವನು ಮೈಸೂರು ಕಡೆಯ ಒಬ್ಬ ಯುವಕ. ಸಭ್ಯ, ಕಷ್ಟಪಟ್ಟು ಕೆಲಸ ಮಾಡುವವನು. ಊಟದ ಬಿಡುವಿನಲ್ಲಿ ಅವನನ್ನು ಹಿಡಿದು ಕೇಳಿದೆ. ಅವನು ಲ್ಯಾಪ್‌ಟಾಪು ತೆರೆದು ತೋರಿಸಿದ.

"ನೀವೇ ಬರೆದಿದ್ದೀರಲ್ಲ ಸಾರ್, ಹೊರಬೀಡು ಅಂತ. ಬೀಡು ಅಂದ್ರೆ ನೆಲೆ, ವಸತಿ. ನಿಘಂಟು ಕೂಡ ನೋಡ್ದೆ. ಊರೋರು ನೆಲೆ ಬಿಟ್ಟು ಹೊರಗೆ ಹೋಗಿದ್ದಾರೆ ಅಂತ ಮಾಡ್ದೆ. ಮಕ್ಕಳ ಸಂಖ್ಯೆನೂ ಸೊನ್ನೆ ಇತ್ತು, ಸರಿಹೋಯ್ತು."

"ಅವರು ಸಂಜೆಗೆ ಮರಳಿ ಬಂದ್ರು" ಎಂದೆ.

"ಯಾವ ಸಂಜೆಗೆ ಸಾರ್?"

"ಅವತ್ತೇ."

ಅವನ ಮುಖ ಬಿಳಿಚಿತು. ನನ್ನದು ಹೇಗಿತ್ತೋ ಕಾಣೆ. ಅವನನ್ನು ಬೈಯಬೇಕೆಂದು ಬಾಯಿ ತೆರೆದೆ. ಆದರೆ ಅವನು ಮಾಡಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಕನ್ನಡ ಬಂದವರಿಗೆ ತಿಳಿಯುತ್ತದೆ ಎಂದು ನಾನು ಹೇಳಿದ್ದೆ, ಕನ್ನಡ ಬಂದವನಿಗೆ ತಿಳಿದದ್ದು ಇದು.

ವಾರದೊಳಗೆ ವರದಿಯನ್ನು ತಿದ್ದಿದರು. ಅಡಿಟಿಪ್ಪಣಿಯಲ್ಲಿ ಹೊರಬೀಡಿನ ಬಗ್ಗೆ ಎರಡು ಸಾಲು ಹಾಕಿ, ಸ್ಥಳೀಯ ಜ್ಞಾನ ಎಂದು ನನ್ನನ್ನು ಹೊಗಳಿದರು ಕೂಡ. ಆದರೆ ಕರಡಿನ ಪಟ್ಟಿ ಅದಾಗಲೇ ಶಾಲೆ ಉಳಿಸುವ, ಮುಚ್ಚುವ ತೀರ್ಮಾನ ಮಾಡುವವರ ಕೈಸೇರಿತ್ತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು ಈ ಅಡಿಟಿಪ್ಪಣಿ.

ತಿದ್ದಿದ ವರದಿ ಕೈಗೆ ಬಂದ ಮರುದಿನವೇ ಆ ಊರಿಗೆ ಹೋದೆ. ಅಗಸಿಯಲ್ಲಿ ಮುಳ್ಳಿರಲಿಲ್ಲ, ಎಮ್ಮೆಗಳು ಅಡ್ಡ ನಿಂತಿದ್ದವು. ಶಾಲೆಯಿಂದ ಮಗ್ಗಿ ಕೇಳುತ್ತಿತ್ತು. ಖಾಲಿಯಾದ ಊರಿನ ಮಕ್ಕಳು ಏಳರ ಮಗ್ಗಿ ಹೇಳುತ್ತಿದ್ದರು. ಅಕ್ಕೋರು ನನ್ನನ್ನು ನೋಡಿ ಮೇಜಿನ ಮೇಲಿದ್ದ ಎರಡು ಕಾಗದ ಕೊಟ್ಟರು. ಶಾಲೆಯನ್ನು ಹಳ್ಳದಾಚೆಯ ಶಾಲೆಗೆ ವಿಲೀನ ಮಾಡುವ ಪ್ರಸ್ತಾಪ ಒಂದು. ಅವರ ಹೆಸರನ್ನು ಹೆಚ್ಚುವರಿ ಶಿಕ್ಷಕರ ಪಟ್ಟಿಗೆ ಸೇರಿಸಿದ್ದು ಇನ್ನೊಂದು.

"ಮನ್ಯಾಗ ಅನ್ನ ಉಳದ್ರ ಹೆಚ್ಚಾತು ಅಂತಾರ. ಇಪ್ಪತ್ತಮೂರು ಮಕ್ಕಳಿಗೆ ಒಬ್ಬಾಕಿ ನಾ ಹೆಂಗ್ ಹೆಚ್ಚಾದೆನ್ರಿ?" ಎಂದರು.

ನಾನು ಹೇಳಿಬಿಟ್ಟೆ. ಷರಾ, ನಿಘಂಟು, ಪಟ್ಟಿ, ಎಲ್ಲ. ಅವರು ಸಿಟ್ಟಾಗಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ಬಿಸಿಯೂಟದ ಅಡುಗೆಯಾಕೆ, ಊರಿನ ಹಿರಿಯಳು, ಅಲ್ಲೇ ಒಂದನೇ ತರಗತಿಯಲ್ಲಿದ್ದ ಹುಡುಗಿಯೊಬ್ಬಳ ಅಜ್ಜಿ, ಎದ್ದು ಬಂದು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಹೊರಬೀಡಿನ ದಿನ ಮುಳ್ಳ ದಾಟಿದಾವ ಇವನೇನು?" ಎಂದು ಅಕ್ಕೋರನ್ನು ಕೇಳಿದಳು. ಹೌದೆಂದಾಗ, "ಹಂಗಾರ ದ್ಯಾಮವ್ವನ ಕಾಲಿಗೆ ತೊಡರಿದ್ದು ಖರೇ ಐತಿ" ಎಂದಳು.

ಆ ಮಧ್ಯಾಹ್ನ ಅಕ್ಕೋರು ನನ್ನಿಂದಲೇ ಅರ್ಜಿ ಬರೆಸಿದರು. ಈ ಸಲ ಬಿಡಿಸಿ ಬರೆಯಿರಿ ಎಂದು ಮಾತ್ರ ಹೇಳಿದರು. ನಾಲ್ಕು ಪುಟ ಬರೆದೆ. ಊರಿನವರು ಸಹಿ ಹಾಕಿದರು. ಅಡುಗೆಯಾಕೆ ಅಕ್ಕೋರಿಂದ ಕಲಿತ ನಾಲ್ಕು ಅಕ್ಷರಗಳನ್ನು ಉಸಿರು ಹಿಡಿದು ಬರೆದು ಕೊನೆಯಲ್ಲಿ ಗೆರೆ ಎಳೆದಳು.

ತಿಂಗಳುಗಟ್ಟಲೆ ಅರ್ಜಿ ತಿರುಗಿತು. ಬೇಸಿಗೆ ಹೋಯಿತು, ಬಿತ್ತನೆಯಾಯಿತು. ಮಕ್ಕಳನ್ನು ಮತ್ತೊಮ್ಮೆ ಎಣಿಸುವ ಆದೇಶ ಬಂದಾಗ ಅಕ್ಕೋರೇ ನನಗೆ ಫೋನು ಮಾಡಿದರು. ದನಿಯಲ್ಲಿ ಸಂತೋಷ ಇರಲಿಲ್ಲ.

"ಮಂಗಳವಾರ ಹಾಕ್ಯಾರ್ರಿ. ಮತ್ತ ಹೊರಬೀಡಿನ ದಿನಾನ ಬಂದೈತಿ."

ನಾನು ದಿನ ಬದಲಿಸಲು ಫೋನಿನ ಮೇಲೆ ಫೋನು ಮಾಡಿದೆ. ರಜೆಗಳ ಪಟ್ಟಿಯಲ್ಲಿ ಆ ಹೆಸರಿನ ಹಬ್ಬವೇ ಇಲ್ಲ ಎಂದರು. ಮಕ್ಕಳನ್ನು ತೋಪಿನಲ್ಲಿ ಎಣಿಸಬಹುದೇ ಎಂದು ಕೇಳಿದೆ. ಶಾಲೆಯ ಕಾಂಪೌಂಡಿನಲ್ಲಿ ನಿಂತರೆ ಮಾತ್ರ ಟ್ಯಾಬಿನಲ್ಲಿ ಫಾರ್ಮು ತೆರೆಯುತ್ತದೆ ಎಂದರು. ಅದು ನನಗೇ ಗೊತ್ತಿದ್ದ ಮಾತು. ಊರಿನವರು ಹೊರಗಿದ್ದರೆ ಶಾಲೆ ಹೋಗುತ್ತದೆ, ಒಳಗಿದ್ದರೆ ದ್ಯಾಮವ್ವನ ಮಾತು ಮುರಿಯುತ್ತದೆ. ಹಿರಿಯರು ಗುಡಿಯ ಕಟ್ಟೆಯ ಮೇಲೆ ಕೂತು ತಲೆ ಮೇಲೆ ಕೈಹೊತ್ತರು. ನಾನೂ ಒಂದು ಮೂಲೆಯಲ್ಲಿ ಕೂತಿದ್ದೆ, ನನ್ನ ಕಡೆ ಯಾರೂ ನೋಡುತ್ತಿರಲಿಲ್ಲ.

ದಾರಿ ಹುಡುಕಿದವಳು ಅಡುಗೆಯಾಕೆ.

"ಮುಳ್ಳ ಅಗಸೀಗೆ ಯಾಕ ಹಚ್ಚತೀರಿ? ಈ ಸಲ ಸಾಲಿ ದಾಟಿ ಒಳಗ ಹಚ್ಚರಿ. ಸಾಲಿ ಊರ ಹೊರಗ ಉಳೀತೈತಿ. ಊರ ಮಂದೆಲ್ಲಾ ಬುತ್ತಿ ತಗೊಂಡು ಸಾಲಿ ಅಂಗಳದಾಗ ಕುಂಡ್ರೂಣು. ದ್ಯಾಮವ್ವಗೂ ಒಂದ್ ಅಂಗಳ ಗುಡಸೂದು ಉಳೀತು."

ಕೆಲವರು ನಕ್ಕರು, ಕೆಲವರು ಹೆದರಿದರು. ಮುಳ್ಳಿನ ಜಾಗವನ್ನು ಯಾರ ಕಾಲದಲ್ಲೂ ಸರಿಸಿದ್ದಿಲ್ಲ. ಕೊನೆಗೆ ದೇವಿಯನ್ನೇ ಕೇಳೋಣ ಎಂದು ಪ್ರಸಾದಕ್ಕೆ ಕೂತರು. ಮೂರ್ತಿಯ ಎರಡೂ ಭುಜದ ಮೇಲೆ ಹೂವಿಟ್ಟು ಕಾಯುವುದು, ಬಲದ ಹೂ ಬಿದ್ದರೆ ಒಪ್ಪಿಗೆ. ನಾನು ಅಂಥದ್ದನ್ನೆಲ್ಲ ನಂಬುವವನಲ್ಲ. ಆದರೂ ಅಷ್ಟು ಹೊತ್ತು ಒಂದು ಹೂವನ್ನು ಕಣ್ಣು ಮಿಟುಕಿಸದೆ ನೋಡಿದ್ದು ಅದೇ ಮೊದಲು. ಬಲದ ಹೂ ಬಿತ್ತು.

ಆ ಮಂಗಳವಾರ ನಾನು ಎಣಿಸುವವನಾಗಿ ಹೋಗಲಿಲ್ಲ, ನೋಡುವವನಾಗಿ ಹೋದೆ. ಅಗಸಿ ತೆರೆದಿತ್ತು. ಶಾಲೆಯ ಆಚೆ, ಓಣಿ ಶುರುವಾಗುವಲ್ಲಿ ಜಾಲಿಮುಳ್ಳು ಹಚ್ಚಿದ್ದರು. ಇಡೀ ಊರು ಶಾಲೆಯ ಅಂಗಳದಲ್ಲಿತ್ತು. ಎಮ್ಮೆಗಳನ್ನು ಧ್ವಜದ ಕಟ್ಟೆಯಿಂದ ದೂರ ಕಟ್ಟಿದ್ದರು. ಕೋಳಿಗಳು ಬುಟ್ಟಿಯೊಳಗಿದ್ದವು. ಐದನೇ ತರಗತಿ ಮುಗಿಸಿದವರು ಹೋಗಿ ಅಷ್ಟೇ ಹೊಸಬರು ಸೇರಿದ್ದರು; ತಲೆಗೆ ಎಣ್ಣೆ ಹಾಕಿಸಿಕೊಂಡ ಇಪ್ಪತ್ತಮೂರು ಮಕ್ಕಳು ಒಳಗೆ ಸಾಲಾಗಿ ಕೂತಿದ್ದರು. ಅಕ್ಕೋರನ್ನು ಹುಡುಕಿದೆ. ಕುರ್ಚಿ ಖಾಲಿ ಇತ್ತು.

"ಅಕ್ಕೋರು ಎಲ್ಲ್ಯದಾರ?" ಎಂದು ಅಡುಗೆಯಾಕೆಯನ್ನು ಕೇಳಿದೆ.

"ಶನಿವಾರ ಆರ್ಡರ್ ಬಂತು. ಹೆಚ್ಚಿನವ್ರು ಅಂತ ತಗದಿದ್ರಲ್ಲ, ಆ ಪಟ್ಟೀದು. ಸೋಮವಾರ ತಡಸದ ಕಡೆ ಸಾಲ್ಯಾಗ ಹಾಜರ್ ಆಗಬೇಕಂತ. ಅಳಕೋತ ಹ್ವಾದ್ರು."

ಶಾಲೆಯನ್ನು ಎಣಿಸುವ ಕಡತ ಒಂದು ಮೇಜಿನ ಮೇಲಿತ್ತು, ಶಿಕ್ಷಕರನ್ನು ಕಳಿಸುವ ಕಡತ ಇನ್ನೊಂದು ಮೇಜಿನ ಮೇಲೆ. ಎತ್ತು ಏರಿಗೆಳೆಯುವಾಗ ಕೋಣ ನೀರಿಗೆಳೆದಿತ್ತು. ಎರಡಕ್ಕೂ ನೊಗ ಕಟ್ಟಿದ ಪದ ನನ್ನದು.

"ನನಗ ಒಂದ್ ಮಾತ್ ಹೇಳಬಾರದಿತ್ತೇನು?"

"ಫೋನ್ ಮಾಡ್ಲ್ಯಾ ಅಂತ ಕೇಳಿದೆ. ಬ್ಯಾಡ, ಪಾಪ ಅವ್ರು ಮತ್ತ ಬರಿಯಾಕ ಕುಂದರತಾರ ಅಂದ್ರು."

ಎಣಿಸಲು ಬಂದವಳು ನಮ್ಮ ಕಡೆಯವಳೇ ಒಬ್ಬ ತರುಣಿ. ಇಷ್ಟು ಜನರನ್ನು ನೋಡಿ ಗಾಬರಿಯಾಗಿ, ಜಾತ್ರೆಯೇ ಎಂದು ಕೇಳಿದಳು. ಕರಿಹಲಗೆಯ ಮೇಲೆ ಅಕ್ಕೋರು ಹೋಗುವ ಮೊದಲು ದುಂಡಗೆ ಬರೆದಿಟ್ಟ ಇಪ್ಪತ್ತಮೂರು ಹೆಸರುಗಳಿದ್ದವು. ಐದನೇ ತರಗತಿಯ ಒಬ್ಬ ಹುಡುಗಿ ಒಂದೊಂದಾಗಿ ಓದಿದಳು, ಒಬ್ಬೊಬ್ಬರೇ ಎದ್ದು ಹಾಜರ್ ಎಂದರು. ತರುಣಿ ಪ್ರತಿಯೊಬ್ಬರ ಮುಖ ನೋಡಿ ಎಣಿಸಿದಳು.

"ಇಪ್ಪತ್ತಮೂರು, ಬರೋಬರಿ ಐತಿ. ಸಾಲಿ ಉಳೀತು ಅಂತ ತಿಳ್ಕೋರಿ" ಎಂದಳು. ಅಂಗಳದಲ್ಲಿ ಗುಜುಗುಜು ಎದ್ದಿತು. ಅವಳು ಟ್ಯಾಬಿನ ಮೇಲೆ ಬೆರಳು ಸರಿಸಿ, "ಶಿಕ್ಷಕರು?" ಎಂದು ಕೇಳಿದಳು.

ನಾನು ಮುಂದೆ ಹೋಗಿ ನಡೆದದ್ದನ್ನು ಹೇಳಿದೆ. ಶನಿವಾರದವರೆಗೆ ಇದ್ದರು, ಒಂಬತ್ತು ವರ್ಷ ಇದ್ದರು, ಪಟ್ಟಿಯೇ ತಪ್ಪು, ದಯವಿಟ್ಟು ಷರಾದಲ್ಲಿ ಬರೆಯಿರಿ, ನಾನು ಬಿಡಿಸಿ ಹೇಳುತ್ತೇನೆ ಎಂದೆ. ಅವಳಿಗೆ ನಿಜವಾಗಿ ಮರುಕವಾಯಿತು. ಟ್ಯಾಬನ್ನು ನನ್ನ ಕಡೆ ತಿರುಗಿಸಿದಳು.

"ಈ ಸಲ ಷರಾ ಕಾಲಮ್ಮ ಇಲ್ರಿ ಸರ್. ಹೋದ ಸಲ ಯಾರೋ ಏನೋ ಬರದು ಗ್ವಾಂದಲ ಆಗಿತ್ತಂತ, ತಗದ ಹಾಕ್ಯಾರ."

ಅವಳು ಕಾಯುತ್ತ ನಿಂತಳು. ನಾನು ಆ ಚೌಕದ ಹೊರಗೆ ಎಲ್ಲಾದರೂ ಒಂದು ಪದ ಹಿಡಿಸುವಷ್ಟು ಜಾಗ ಇದೆಯೇ ಎಂದು ನಿಜವಾಗಿಯೂ ಹುಡುಕಿದೆ. ಇರಲಿಲ್ಲ. ಶಿಕ್ಷಕರ ಮುಂದೆ ಸೊನ್ನೆ ಒತ್ತಿ ಅವಳು ಟ್ಯಾಬನ್ನು ಚೀಲಕ್ಕೆ ಹಾಕಿಕೊಂಡಳು.

ಅಡುಗೆಯಾಕೆ ಮೊಮ್ಮಗಳ ಕೈ ಹಿಡಿದುಕೊಂಡು ನನ್ನ ಹತ್ತಿರ ಬಂದಳು.

"ಏನ್ ಬರಕೊಂಡ್ಲು?"

"ಮಕ್ಕಳು ಇಪ್ಪತ್ತಮೂರು. ಕಲಸಾವ್ರು ಸೊನ್ನಿ" ಎಂದೆ.

ಅವಳು ಓಣಿಯ ಬಾಯಿಗೆ ಹಚ್ಚಿದ್ದ ಮುಳ್ಳಿನ ಕಡೆ ನೋಡಿದಳು.

"ಸಾಲಿ ಸಲುವಾಗಿ ದ್ಯಾಮವ್ವ ಸೈತ ಸರದ ಕುಂತಳು" ಎಂದಳು. "ಈ ಸರಕಾರದವ್ರಿಗೇನಾಗಿತ್ತು?"